ತಾಟೆ ಮೀನು: ಮಾಡಬೇಕಾದ್ದು, ಮಾಡಬಾರದ್ದು

ನಿಲ್ಕುಂದ ಮತ್ತು ಸುತ್ತಿನ ಊರಿನವರಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮೀನು ತಿನ್ನುವ ಎಲ್ಲ ಮನೆಗಳಿಗೆ. ಕಡಲಿಗೆ ಪ್ರವಾಸ ಹೊರಟ ಎಲ್ಲರಿಗೆ.

ಘಟ್ಟದ ಮೇಲಿನ ನಮಗೆ ಶಾರ್ಕ್ ಎದುರಾಗುವುದು ಎರಡೇ ಕಡೆ. ಒಂದು, ಕುಮಟಾ ಕಡೆಯಿಂದ ಘಟ್ಟ ಹತ್ತಿ ಬರುವ ಗಾಡಿಯ ಮೀನಿನ ಪೆಟ್ಟಿಗೆಯಲ್ಲಿ. ಇನ್ನೊಂದು, ರಜೆ ಬಂತೆಂದು ನಾವೇ ಇಳಿದು ಹೋಗುವ ಕಡಲಿನಲ್ಲಿ. ಪೆಟ್ಟಿಗೆಯಲ್ಲಿ ಅಪಾಯ ಇದೆ, ಯಾರೂ ಹೆದರುವುದಿಲ್ಲ. ಕಡಲಿನಲ್ಲಿ ಎಲ್ಲರೂ ಶಾರ್ಕಿಗೆ ಹೆದರುತ್ತಾರೆ, ಪ್ರಾಣ ತೆಗೆಯುವುದು ನೀರಿನ ಸೆಳೆತ.

ತಪ್ಪಿದರೆ ಆಗುವುದು ಇಷ್ಟು. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಪಾದರಸದಿಂದ ಹಾನಿ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಮೀನು ಹಿಡಿದರೆ ಅಥವಾ ಮಾರಿದರೆ 3ರಿಂದ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಡಲಿನಲ್ಲಿ ಸಾವು.

ಪೆಟ್ಟಿಗೆಯಲ್ಲಿರುವುದು ಯಾವ ಮೀನು

ನಾವು ತಾಟೆ ಎನ್ನುವುದು, ಕೊಂಕಣಿಯವರು ಮೋರಿ ಎನ್ನುವುದು ಒಂದೇ ಜಾತಿಯ ಮೀನಲ್ಲ. ಎಲ್ಲ ಸಣ್ಣ ಶಾರ್ಕಿಗೂ ಇದೇ ಹೆಸರು ನಡೆಯುತ್ತದೆ. ಹಾಗಾಗಿ ಹೆಸರು ನಂಬಿ ಕೊಂಡರೆ ಮೋಸ ಹೋಗುತ್ತೀರಿ. ಮೂತಿ ನೋಡಿ ಕೊಳ್ಳಬೇಕು.

ನಮ್ಮ ಪಶ್ಚಿಮ ಕರಾವಳಿಯ ಬಲೆಗಳಿಗೆ ಬಹಳವಾಗಿ ಬೀಳುವ ಸಣ್ಣ ಶಾರ್ಕ್ ಒಂದಿದೆ. ವಿಜ್ಞಾನಿಗಳು ಅದನ್ನು ಸ್ಕೋಲಿಯೋಡಾನ್ ಲ್ಯಾಟಿಕಾಡಸ್ ಎನ್ನುತ್ತಾರೆ. 1838ರಲ್ಲಿ ಮ್ಯೂಲರ್ ಮತ್ತು ಹೆನ್ಲೆ ಎಂಬಿಬ್ಬರು ಜರ್ಮನ್ ವಿಜ್ಞಾನಿಗಳು ಕೊಟ್ಟ ಹೆಸರು. ಮೂತಿ ಗಾರೆಯವರ ಕರಣೆಯಂತೆ ಚಪ್ಪಟೆ, ತುದಿ ತೆಳು. ಬೆನ್ನು ಕಂಚು ಬೂದಿ ಬಣ್ಣ, ಹೊಟ್ಟೆ ಬಿಳಿ. ಬೆನ್ನಿನ ಎರಡನೆಯ ರೆಕ್ಕೆ ತೀರ ಸಣ್ಣದು, ಬಾಲದ ಕಡೆಗೆ ಸರಿದಿರುತ್ತದೆ. ರೆಕ್ಕೆಯ ತುದಿಗೆ ಕಪ್ಪು ಇರುವುದಿಲ್ಲ. ಎಷ್ಟು ಬೆಳೆದರೂ 74 ಸೆಂ.ಮೀ. ದಾಟುವುದು ಅಪರೂಪ. ದಂಡೆಗೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಹೊಳೆ ಕಡಲು ಸೇರುವ ಕಡೆಗಳಲ್ಲಿ ಹಿಂಡಾಗಿ ತಿರುಗುತ್ತದೆ. ಸಣ್ಣ ಮೀನು, ಸಿಗಡಿ, ಬೊಂಡಾಸ ಅದರ ಊಟ. ಮನುಷ್ಯನಿಗೆ ಏನೂ ಮಾಡುವುದಿಲ್ಲ.

ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಇದರ ತತ್ತಿ ಒಂದು ಮಿಲಿಮೀಟರ್ ಮಾತ್ರ. ಶಾರ್ಕುಗಳಲ್ಲೆಲ್ಲ ಇಷ್ಟು ಸಣ್ಣ ತತ್ತಿ ಇನ್ನೊಂದಿಲ್ಲ. ಅದರಲ್ಲಿ ಮರಿಗೆ ಸಾಕಾಗುವಷ್ಟು ಆಹಾರ ಇರುವುದಿಲ್ಲ. ಅದಕ್ಕೇ ಮರಿ ಬಹಳ ಬೇಗ ತಾಯಿಯ ಗರ್ಭಕೋಶಕ್ಕೆ ಅಂಟಿಕೊಂಡು ಬಳ್ಳಿಯ ಮೂಲಕ ಬೆಳೆಯುತ್ತದೆ. ಬಸುರಿ ತಾಟೆಯ ಹೊಟ್ಟೆ ಸೀಳಿದವರು ಇದನ್ನು ನೋಡಿರುತ್ತಾರೆ: ಬೆರಳುದ್ದದ ಮರಿಗಳು, ಒಂದೊಂದಕ್ಕೂ ತನ್ನದೇ ಹೊಕ್ಕುಳಬಳ್ಳಿ, ಕಣ್ಣು ಮೂಡಿ ಮುಗಿದಿರುತ್ತದೆ. ಐದಾರು ತಿಂಗಳ ಬಸುರು. ಸಾಮಾನ್ಯವಾಗಿ ಒಮ್ಮೆಗೆ 6ರಿಂದ 18 ಮರಿ. ಹುಟ್ಟುವಾಗ ಮರಿ 12ರಿಂದ 15 ಸೆಂ.ಮೀ. ಹೆಣ್ಣು ಮರಿ ಹಾಕುವಂತಾಗಲು 33ರಿಂದ 35 ಸೆಂ.ಮೀ. ಆಗಬೇಕು. ಆಯುಸ್ಸು ಐದಾರು ವರ್ಷ.

ಬೇಗ ಬೆಳೆದು ಬೇಗ ಹೆರುವುದರಿಂದ ಉಳಿದ ಶಾರ್ಕುಗಳಿಗಿಂತ ಇದು ಬಲೆಯ ಹೊಡೆತ ತಾಳಿಕೊಂಡಿದೆ. ಆದರೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಪಾಯದ ಅಂಚಿಗೆ ಬಂದ ಜಾತಿ. ಇದು ಸೇರಿದ ಇಡೀ ಕುಟುಂಬದ ಮೀನುಗಳ ವಿದೇಶ ವ್ಯಾಪಾರಕ್ಕೆ 2022ರಲ್ಲಿ ಪನಾಮಾದಲ್ಲಿ ನಡೆದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸಮ್ಮೇಳನ ಕಡಿವಾಣ ಹಾಕಿತು.

ಗಾಡಿಯ ಮುಂದೆ ನಿಂತಾಗ

ಮಾಡಬೇಕಾದ್ದು:

– ತಲೆ, ಬಾಲ, ರೆಕ್ಕೆ ಇರುವ ಇಡೀ ಮೀನನ್ನು ತೋರಿಸಲು ಹೇಳಿ.
– ಮೂತಿ ನೋಡಿ. ಚಪ್ಪಟೆ ಇದ್ದರೆ ಮಾತ್ರ ಮುಂದಿನ ಮಾತು.
– ಕೈಯಲ್ಲಿ ಅಳೆಯಿರಿ. ಗೇಣಿನಷ್ಟಿದ್ದರೆ ಮರಿ. ಮೊಳದ ಹತ್ತಿರ ಇದ್ದರೆ ಬೆಳೆದದ್ದು.
– ಮಗುಚಿ ಹೊಟ್ಟೆಯ ಕಡೆ ನೋಡಿ. ಹೊಟ್ಟೆಯ ರೆಕ್ಕೆಗಳ ಒಳಅಂಚಿನಲ್ಲಿ ಎರಡು ಕಡ್ಡಿ ಇದ್ದರೆ ಗಂಡು. ಕಡ್ಡಿ ಗಟ್ಟಿಯಾಗಿದ್ದರೆ ಬೆಳೆದ ಗಂಡು. ಕೊಳ್ಳುವುದಿದ್ದರೆ ಅದನ್ನೇ ಕೊಳ್ಳಿ.
– ಕಿವಿರಿನ ಸೀಳಿನ ಬಳಿ ಮೂಸಿ ನೋಡಿ.
– ಐಸಿನಲ್ಲಿ ಹೂತಿಟ್ಟ ಮೀನನ್ನೇ ಕೇಳಿ.
– ಯಾವ ಬಂದರಿನದು, ಯಾವ ದಿನದ್ದು ಎಂದು ಕೇಳಿ.
– ಜೂನ್ 1ರಿಂದ ಜುಲೈ 31ರವರೆಗೆ ಈ ಪ್ರಶ್ನೆಯನ್ನು ಎರಡು ಸಲ ಕೇಳಿ. ಆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ.

ಮೂಸುವುದು ಏಕೆಂದರೆ, ಶಾರ್ಕ್ ಕಡಲಿನ ಉಪ್ಪಿನ ನಡುವೆ ಬದುಕಲು ತನ್ನ ರಕ್ತದಲ್ಲೂ ಮಾಂಸದಲ್ಲೂ ಯೂರಿಯಾ ಹಿಡಿದಿಟ್ಟುಕೊಳ್ಳುತ್ತದೆ. ಸತ್ತ ಮೇಲೆ ಅದು ಬ್ಯಾಕ್ಟೀರಿಯಾದಿಂದ ಅಮೋನಿಯಾ ಆಗುತ್ತದೆ. ಬಂಗಡೆ ಕೆಡುವ ವಾಸನೆಯೇ ಬೇರೆ, ಶಾರ್ಕ್ ಕೆಡುವ ಘಾಟೇ ಬೇರೆ. ಮೂತ್ರದ ಘಾಟು ಮೂಗಿಗೆ ಹೊಡೆಯುತ್ತದೆ. ಹಿಡಿದ ಕೂಡಲೇ ರಕ್ತ ಬಸಿದು ಐಸಿಗೆ ಹಾಕದಿದ್ದರೆ ಘಟ್ಟ ಹತ್ತುವಷ್ಟರಲ್ಲಿ ಅದು ಶುರುವಾಗಿರುತ್ತದೆ.

ಮಾಡಬಾರದ್ದು:

– ತಲೆ ತೆಗೆದು ತುಂಡು ಮಾಡಿದ ಶಾರ್ಕ್ ಬೇಡ. ಯಾವ ಜಾತಿ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.
– ಗೇಣುದ್ದದ ಮರಿ ಬೇಡ, ಅಗ್ಗವಾಗಿ ಕೊಟ್ಟರೂ ಬೇಡ.
– ಹೊಟ್ಟೆ ಉಬ್ಬಿದ ಹೆಣ್ಣು ಬೇಡ.
– ಸುತ್ತಿಗೆ ತಲೆಯ ಶಾರ್ಕ್ ಯಾವ ಅಳತೆಯದೂ ಬೇಡ.
– ರೆಕ್ಕೆಯ ತುದಿ ಕಪ್ಪಾಗಿರುವ ಸಣ್ಣ ಶಾರ್ಕ್ ಬೇಡ.
– ಘಾಟು ಹೊಡೆಯುವ ಮೀನನ್ನು ಹುಣಸೆ ನೀರಿನಲ್ಲೋ ಮಜ್ಜಿಗೆಯಲ್ಲೋ ತೊಳೆದು ಸರಿಮಾಡಲು ಹೋಗಬಾರದು.
– ಮಾರುವವನ ಮೇಲೆ ರೇಗಬಾರದು. ಬಂದರಿನಲ್ಲಿ ಹರಾಜಾದದ್ದನ್ನು ಅವನು ತರುತ್ತಾನೆ. ನಾವು ಬೇಡವೆಂದದ್ದನ್ನು ನಾಳೆ ತರುವುದಿಲ್ಲ.

ಸುತ್ತಿಗೆ ತಲೆಯದು ಮತ್ತು ಕಪ್ಪು ತುದಿಯದು ಏಕೆ ಬೇಡ ಎಂಬುದನ್ನು ಸರಿಯಾಗಿ ತಿಳಿಯಿರಿ. ಚಪ್ಪಟೆ ಮೂತಿಯ ತಾಟೆ ಮೊಳದುದ್ದ ಆದರೆ ಅದು ಬೆಳೆದು ಮರಿ ಹಾಕಿದ ಮೀನು ಇರಬಹುದು. ಆದರೆ ಸುತ್ತಿಗೆ ತಲೆಯ ಶಾರ್ಕ್ ಹುಟ್ಟುವಾಗಲೇ ಸುಮಾರು ಮೊಳದುದ್ದ ಇರುತ್ತದೆ. ಕಪ್ಪು ತುದಿಯದೂ ಅಷ್ಟೇ. ಪೆಟ್ಟಿಗೆಯಲ್ಲಿ ಚಪ್ಪಟೆ ಮೂತಿಯದೂ ಇವೂ ಒಂದೇ ಅಳತೆಯಲ್ಲಿ ಪಕ್ಕಪಕ್ಕ ಮಲಗಿರುತ್ತವೆ: ಒಂದು ಸಂಸಾರ ಮಾಡಿದ್ದು, ಇನ್ನೊಂದು ಹುಟ್ಟಿ ಕೆಲವೇ ದಿನ ಕಳೆದ ಕೂಸು. ಆ ಕೂಸು ಬಲಿತು ಮರಿ ಹಾಕಲು ಹಲವು ವರ್ಷ ಬೇಕು. ನಮ್ಮ ಕಡಲಿನಲ್ಲಿ ಹೆಚ್ಚಾಗಿ ಸಿಗುವ ಸುತ್ತಿಗೆ ತಲೆಯ ಜಾತಿ ಕೆಂಪು ಪಟ್ಟಿಯಲ್ಲಿ ಅಳಿವಿನ ತುತ್ತತುದಿಯಲ್ಲಿದೆ. ನಾನು ಈ ಹಾಳೆ ಬರೆಯಲು ಮುಖ್ಯ ಕಾರಣ ಇದು. ಕೊಳ್ಳುವವರು ಮೂತಿ ನೋಡಲು ಕಲಿತರೆ ಆ ಕೂಸುಗಳಿಗೆ ಬೆಲೆ ಸಿಗುವುದು ನಿಲ್ಲುತ್ತದೆ.

ಬಸುರಿ, ಬಾಣಂತಿ, ಮಕ್ಕಳು

ಇಲ್ಲಿ ಮಾಡಬಾರದ್ದೇ ಮೊದಲು. ಬಾಣಂತನ ಮಾಡುವ ಅಮ್ಮಂದಿರು, ಅತ್ತೆಯರು, ದೊಡ್ಡಮ್ಮಂದಿರು ದಯವಿಟ್ಟು ನಿಂತು ಓದಿ.

– ಬಸುರಿಗೆ ಶಾರ್ಕ್ ಕೊಡುವುದು ಬೇಡ.
– ಹಾಲು ಹೆಚ್ಚುತ್ತದೆ ಎಂದು ಬಾಣಂತಿಗೆ ತಾಟೆ ಮೀನಿನ ಸಾರು ಕೊಡುವುದು ಬೇಡ.
– ಚಿಕ್ಕ ಮಕ್ಕಳಿಗೆ ಮುಳ್ಳಿಲ್ಲದ ಮೀನೆಂದು ತಿನ್ನಿಸುವುದು ಬೇಡ.
– ಮಳೆಗಾಲಕ್ಕೆಂದು ಕೂಡಿಟ್ಟ ಒಣ ಶಾರ್ಕನ್ನೂ ಇವರಿಗೆ ಕೊಡಬಾರದು.

ಕಡಲಿನ ಪಾದರಸ ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅದರಿಂದ ಅದನ್ನು ತಿನ್ನುವ ಮೀನಿಗೆ ಏರುತ್ತ ಹೋಗುತ್ತದೆ. ತಿನ್ನುವವರ ಸಾಲಿನ ತುದಿಯಲ್ಲಿ ಶಾರ್ಕ್ ಇದೆ. ದೊಡ್ಡದಾದಷ್ಟೂ, ಹೆಚ್ಚು ವರ್ಷ ಬದುಕಿದಷ್ಟೂ ಅದರ ಮಾಂಸದಲ್ಲಿ ಪಾದರಸ ಹೆಚ್ಚು. ಅದು ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ತೊಳೆದರೆ ಹೋಗುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ, ಚರ್ಮ ಸುಲಿದರೂ ಹೋಗುವುದಿಲ್ಲ. ಒಣಗಿಸಿದರೆ ನೀರು ಮಾತ್ರ ಹೋಗಿ, ತೂಕಕ್ಕೆ ಹೋಲಿಸಿದರೆ ಪಾದರಸ ಇನ್ನೂ ಹೆಚ್ಚಾಗುತ್ತದೆ. ತಾಯಿಯ ರಕ್ತದಿಂದ ಹೊಟ್ಟೆಯ ಮಗುವಿಗೆ ಅದು ದಾಟುತ್ತದೆ. ಅಮೆರಿಕದ ಆಹಾರ ಇಲಾಖೆ ಬಸುರಿಯರು, ಹಾಲೂಡುವ ತಾಯಂದಿರು ಮತ್ತು ಮಕ್ಕಳು ತಿನ್ನಲೇಬಾರದ ಮೀನುಗಳ ಪಟ್ಟಿಯಲ್ಲಿ ಶಾರ್ಕನ್ನು ಹೆಸರಿಸಿದೆ. ಜಗತ್ತಿನ ಆಹಾರ ಮಟ್ಟಗಳನ್ನು ನಿರ್ಧರಿಸುವ ಕೋಡೆಕ್ಸ್ ಆಯೋಗ 2018ರಲ್ಲಿ ಶಾರ್ಕ್ ಮಾಂಸಕ್ಕೆಂದೇ ಮೀಥೈಲ್ ಪಾದರಸದ ಮಿತಿ ಇಟ್ಟಿತು: ಕಿಲೋಗೆ 1.6 ಮಿಲಿಗ್ರಾಂ.

ಚಪ್ಪಟೆ ಮೂತಿಯ ಸಣ್ಣ ತಾಟೆಯಲ್ಲಿ ಪಾದರಸ ಕಡಿಮೆ ಇರಬಹುದಲ್ಲ ಎನ್ನುತ್ತೀರಿ. ಇರಬಹುದು. ಆದರೆ ಸಾರಿನಲ್ಲಿ ಬೆಂದ ತುಂಡು ಯಾವ ಶಾರ್ಕಿನದು ಎಂದು ಗುರುತು ಹಿಡಿಯಲು ಯಾರಿಂದಲೂ ಆಗದು. ಹುಟ್ಟಲಿರುವ ಮಗುವಿನ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ.

ಬದಲಿಗೆ ಮಾಡಬೇಕಾದ್ದು:

– ತಾರ್ಲೆ ಕೊಡಿ, ಬಂಗಡೆ ಕೊಡಿ. ಸಣ್ಣವು, ಅಗ್ಗದವು, ಮಿದುಳು ಬೆಳೆಯಲು ಬೇಕಾದ ಎಣ್ಣೆಯಂಶ ಇರುವವು.
– ಮುಳ್ಳು ಬಿಡಿಸಿ ಕೊಡಿ.
– ಹಾಲು ಸಾಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ.

ಅಡುಗೆಮನೆಯಲ್ಲಿ

ಶಾರ್ಕಿಗೆ ಹೊಳೆಮೀನಿನಂಥ ಹುರುಪೆ ಇಲ್ಲ. ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿವೆ. ತಲೆಯಿಂದ ಬಾಲದ ಕಡೆ ಕೈಯಾಡಿಸಿದರೆ ನುಣುಪು, ತಿರುಗಿಸಿ ಎಳೆದರೆ ಕೈ ತರಚುತ್ತದೆ.

– ಬಟ್ಟೆ ಸುತ್ತಿ ಹಿಡಿಯಿರಿ.
– ಬಿಸಿನೀರಿನಲ್ಲಿ ಅದ್ದಿ ಚರ್ಮ ಉಜ್ಜಿ ತೆಗೆಯಿರಿ.
– ಕೈ ತರಚಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ.
– ಗಾಯ ಕೆಂಪಾಗಿ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ ಇದ್ದವರು ಗಂಟೆಯೂ ಕಾಯಬಾರದು.
– ಗಾಯವಿರುವ ಕೈಯಲ್ಲಿ ಹಸಿಮೀನು ಕೊಯ್ಯುವುದು ಬೇಡ.

ಹೊಳೆಯಲ್ಲಿ, ಕಡಲಿನಲ್ಲಿ

ಅಘನಾಶಿನಿ ಹೊಳೆಯ ನಮ್ಮ ಭಾಗದ ಗುಂಡಿಗಳಲ್ಲಿ ಶಾರ್ಕ್ ಇಲ್ಲ, ಬರುವುದೂ ಸಾಧ್ಯವಿಲ್ಲ. ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಧುಮುಕುತ್ತದೆ. ಮಕ್ಕಳನ್ನು ಶಾರ್ಕ್ ಹೆಸರಿನಲ್ಲಿ ಹೆದರಿಸಬೇಡಿ. ಗುಂಡಿಯ ಆಳ ಮತ್ತು ಪಾಚಿಗಟ್ಟಿದ ಬಂಡೆಯ ಹೆಸರಿನಲ್ಲಿ ಹೆದರಿಸಿ.

ಕೆಳಗೆ, ತದಡಿ ಕಡೆ, ಉಬ್ಬರದ ಉಪ್ಪುನೀರು ಹತ್ತುವ ಅಳಿವೆಯ ಮಾತು ಬೇರೆ. ಬುಲ್ ಶಾರ್ಕ್ ಎಂಬ ದೊಡ್ಡ ಜಾತಿಗೆ ಉಪ್ಪುನೀರಿನಿಂದ ಸಿಹಿನೀರಿಗೆ ಹೋಗುವ ಶಕ್ತಿಯಿದೆ. ಅದರ ಮರಿಗಳು ಬೆಳೆಯುವುದೇ ಅಳಿವೆಗಳಲ್ಲಿ. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಮನೋರ್ ಬಳಿ ವೈತರಣಾ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಯುವಕನ ಕಾಲನ್ನು ಶಾರ್ಕ್ ಕಚ್ಚಿತು. ಇಂಥದ್ದು ಬಹಳ ಅಪರೂಪ. ಇಡೀ ಜಗತ್ತಿನಲ್ಲಿ ಶಾರ್ಕ್ ತಾನಾಗಿ ಬಂದು ಕಚ್ಚುವ ಪ್ರಕರಣಗಳು ವರ್ಷಕ್ಕೆ ನೂರರೊಳಗೆ. ಆದರೆ ಮುರುಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಹುಡುಗಿಯರನ್ನು ಅಲೆ ಎಳೆದೊಯ್ದಿತು. ಹೆದರಬೇಕಾದ್ದು ಅದಕ್ಕೆ.

ಮಾಡಬೇಕಾದ್ದು:

– ನೀರಿಗೆ ಇಳಿಯುವ ಮೊದಲು ಜೀವರಕ್ಷಕರನ್ನು ಕೇಳಿ. ಅವರಿಲ್ಲದ ದಂಡೆಯಲ್ಲಿ ಮೊಣಕಾಲಿನವರೆಗಿನ ನೀರಿನಲ್ಲೇ ನಿಲ್ಲಿ.
– ಆಳವಿಲ್ಲದ ಮರಳಿನಲ್ಲಿ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ. ಶಾರ್ಕಿನ ಹತ್ತಿರದ ನೆಂಟ ತೊರಕೆ ಮರಳಿನಡಿ ಮಲಗಿರುತ್ತದೆ. ಕಾಲಿನ ಸದ್ದಿಗೆ ಸರಿದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಹೊಡೆಯುತ್ತದೆ.
– ತೊರಕೆ ಹೊಡೆದರೆ ತಾಳುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ಅರ್ಧ ಗಂಟೆಗೂ ಹೆಚ್ಚು ಕೂರಿಸಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ.
– ಸೆಳೆತಕ್ಕೆ ಸಿಕ್ಕರೆ ತೇಲಿ, ಕೈ ಎತ್ತಿ ಕೂಗಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ.
– ಸಂಜೆ ಬೆಳಕು ಇಳಿಯುವ ಮೊದಲು ಎಲ್ಲರನ್ನೂ ಎಣಿಸಿ ಮೇಲೆ ಕರೆಯಿರಿ.
– ಏನೇ ಕಚ್ಚಿ ರಕ್ತ ಹರಿದರೆ ಒಣ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಬಿಡಬೇಡಿ. ಚಿಮ್ಮುತ್ತಿದ್ದರೆ ಗಾಯದ ಮೇಲ್ಭಾಗದಲ್ಲಿ ಬಿಗಿದು ಕಟ್ಟಿ, ಕಟ್ಟಿದ ಸಮಯ ಬರೆದಿಡಿ.

ಮಾಡಬಾರದ್ದು:

– ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವುದು ಬೇಡ.
– ಸೆಳೆತಕ್ಕೆ ಎದುರಾಗಿ ಈಜಬಾರದು.
– ಮುಳುಗುವವರ ಹಿಂದೆ ಬರಿಗೈಯಲ್ಲಿ ಹಾರಬಾರದು. ಹಗ್ಗ, ಖಾಲಿ ಕ್ಯಾನು, ಟ್ಯೂಬು ಎಸೆಯಿರಿ.
– ಬಲೆ ಎಳೆಯುವ ಕಡೆ, ಮೀನು ಕೊಯ್ದ ನೀರು ಬಿಡುವ ಕಡೆ ಈಜು ಬೇಡ.
– ರಾತ್ರಿ ಅಳಿವೆಯಲ್ಲಿ ಈಜು ಬೇಡ.
– ಕುಡಿದವರನ್ನು ನೀರಿಗೆ ಬಿಡಬಾರದು.
– ಬಲೆಯಲ್ಲಿ ಬಂದ ಜೀವಂತ ಶಾರ್ಕನ್ನು ಮುಟ್ಟಿ ಫೋಟೋ ತೆಗೆಸಿಕೊಳ್ಳುವುದು ಬೇಡ. ಸಣ್ಣದೂ ತಿರುಗಿ ಕಚ್ಚುತ್ತದೆ.
– ಎದೆ, ಕುತ್ತಿಗೆ, ಹೊಟ್ಟೆಗೆ ನಾಟಿದ ತೊರಕೆ ಮುಳ್ಳನ್ನು ಕೀಳಬಾರದು.

ನೇತ್ರಾಣಿಯಲ್ಲಿ ಮುಳುಗುವವರಿಗೆ

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವ ನಮ್ಮ ಹುಡುಗ ಹುಡುಗಿಯರು ಹೆಚ್ಚಾಗಿದ್ದಾರೆ. ಅಲ್ಲಿನ ಬಂಡೆಗಳ ಅಡಿಯಲ್ಲಿ ಬಿದಿರು ಶಾರ್ಕ್ ಹಗಲೆಲ್ಲ ಮಲಗಿ ರಾತ್ರಿ ಬೇಟೆಗೆ ಹೊರಡುತ್ತದೆ. ಇದು ಮೊಟ್ಟೆ ಇಡುವ ಜಾತಿ. ಕಂದು ಬಣ್ಣದ ಚರ್ಮದ ಚೀಲದಂಥ ಮೊಟ್ಟೆ ಬಂಡೆಗೆ ಸಿಕ್ಕಿಕೊಂಡಿರುತ್ತದೆ.

– ಮಾರ್ಗದರ್ಶಕರು ಹೇಳಿದ ದೂರದಲ್ಲೇ ಇರಿ.
– ಬಂಡೆಯ ಸಂದಿಗೆ ಕೈ ಹಾಕಬಾರದು.
– ಮಲಗಿದ ಶಾರ್ಕಿನ ಬಾಲ ಹಿಡಿದು ಎಳೆಯಬಾರದು.
– ಮೊಟ್ಟೆಯ ಚೀಲವನ್ನು ನೆನಪಿಗೆಂದು ಕಿತ್ತು ತರುವುದು ಬೇಡ.
– ತಿಮಿಂಗಿಲ ಶಾರ್ಕ್ ಕಂಡರೆ ಬೆನ್ನು ಹತ್ತುವುದು, ಮುಟ್ಟುವುದು, ದೋಣಿ ಅಡ್ಡ ಹಾಕುವುದು ಬೇಡ.

ಕಾಯ್ದೆಯ ಮೀನುಗಳು

ತಿಮಿಂಗಿಲ ಶಾರ್ಕ್ ಮೀನುಗಳಲ್ಲೇ ದೊಡ್ಡದು, ಸೋಸಿ ತಿನ್ನುವ ಸಾಧು ಪ್ರಾಣಿ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ 2001ರ ಮೇ ತಿಂಗಳಲ್ಲಿ ಸೇರಿತು. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಅದೇ ವರ್ಷ ಗರಗಸ ಮೀನುಗಳೂ ಸೇರಿದವು. 2022ರ ತಿದ್ದುಪಡಿಯ ನಂತರ ಪಟ್ಟಿ ಇನ್ನೂ ಉದ್ದವಾಗಿದೆ. ಶಾರ್ಕ್ ರೆಕ್ಕೆಯ ರಫ್ತು 2015ರಿಂದ ಪೂರ್ತಿ ನಿಷಿದ್ಧ. ಗುಜರಾತಿನ ಮೀನುಗಾರರು ಸಿಕ್ಕಿಬಿದ್ದ ತಿಮಿಂಗಿಲ ಶಾರ್ಕನ್ನು ತಮ್ಮ ಬಲೆಯನ್ನೇ ಕತ್ತರಿಸಿ ಕಡಲಿಗೆ ಬಿಡುತ್ತ ಬಂದಿದ್ದಾರೆ. ಹೀಗೆ ನೂರಾರು ಮೀನು ಉಳಿದಿವೆ.

– ದಂಡೆಗೆ ಬಿದ್ದ ದೊಡ್ಡ ಶಾರ್ಕ್ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.
– ಜೀವ ಇದ್ದರೆ ಒದ್ದೆ ಬಟ್ಟೆ ಹೊದಿಸಿ, ಜನರನ್ನು ದೂರ ನಿಲ್ಲಿಸಿ.
– ಬಾಲಕ್ಕೆ ಹಗ್ಗ ಕಟ್ಟಿ ಮರಳಿನ ಮೇಲೆ ಎಳೆಯಬಾರದು.
– ಮಾಂಸ, ಎಣ್ಣೆ, ರೆಕ್ಕೆ ಪಾಲು ತೆಗೆದುಕೊಳ್ಳಬಾರದು.
– ಗರಗಸ ಮೀನಿನ ಮೂತಿಯನ್ನು ಗೋಡೆಗೆ ತೂಗುಹಾಕಲೆಂದು ಕೊಳ್ಳುವುದು ಬೇಡ, ಉಡುಗೊರೆಯಾಗಿ ಪಡೆಯುವುದೂ ಬೇಡ.
– ರೆಕ್ಕೆ ಒಣಗಿಸಿ ಕೊಡಿ, ಹಣ ಕೊಡುತ್ತೇವೆ ಎಂದು ಬರುವವರಿಗೆ ಮನೆಯ ಜಗಲಿಯನ್ನೂ ಕೊಡಬಾರದು.

ಫೋನ್ ಮಾಡಬೇಕಾದ ಸಂಖ್ಯೆಗಳು: ಆಂಬುಲೆನ್ಸ್ 108. ಪೊಲೀಸ್ ಮತ್ತು ಎಲ್ಲ ತುರ್ತಿಗೆ 112. ಕರಾವಳಿ ಕಾವಲು ಪೊಲೀಸ್ 1093. ಕಡಲಿನಲ್ಲಿ ಅಪಾಯ, ಕೋಸ್ಟ್ ಗಾರ್ಡ್ 1554. ಅರಣ್ಯ ಇಲಾಖೆ 1926.

ಮೀನಿನ ಗಾಡಿ ನಿಲ್ಲುವ ಕಡೆ ಈ ಹಾಳೆ ಅಂಟಿಸಿ. ಅಂಗನವಾಡಿಯಲ್ಲಿ ಬಸುರಿಯರ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿ. ಪ್ರವಾಸದ ಬಸ್ಸು ಘಟ್ಟ ಇಳಿಯುವ ಮೊದಲು ಶಿಕ್ಷಕರು ನೀರಿನ ಭಾಗವನ್ನು ಮಕ್ಕಳಿಗೆ ಓದಿಸಿ.